ಗಮನಕ್ಕ ಬಂದು ಎಷ್ಟ ದಿನ ಆತ್ರಿ?

ಗುರುವಾರದಿಂದ ಈ ಒಂದು ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ರೊಟ್ಟಿ ಬಡಿಯುವಾಗ ಕೇಳುತ್ತದೆ, ಪೇಪರ್ ತಿದ್ದುವಾಗ ಕೇಳುತ್ತದೆ. ಕೇಳಿದವಳು ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗಿ. ಉತ್ತರ ಕೊಡಬೇಕಾದವನು ಅವಳದೇ ಕ್ಲಾಸಿನ ಹುಡುಗ, ಅವತ್ತಿನ ಮಟ್ಟಿಗೆ ರಾಜ್ಯದ ಸಾರಿಗೆ ಸಚಿವ. ಗದಗಿನಲ್ಲಿ ನಡೆದ ಯುವ ಸಂಸತ್ ಸ್ಪರ್ಧೆಗೆ ನಾನೇ ಅವರನ್ನು ಕರೆದುಕೊಂಡು ಹೋಗಿದ್ದೆ.

ತಯಾರಿಗೆ ಅಂತ ವಿಧಾನಸಭೆಯ ಪ್ರಶ್ನೋತ್ತರದ ಕೆಲವು ಹಾಳೆಗಳನ್ನು ಪ್ರಿಂಟ್ ತೆಗೆಸಿದ್ದೆ. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ, ನಡುವೆ ಗೆರೆ. ಪ್ರಶ್ನೆಯಲ್ಲಿ ಅ, ಆ, ಇ ಅಂತ ಭಾಗಗಳು. ಮೊದಲನೆಯದು ಎಷ್ಟೋ ಸಲ ಒಂದೇ ತರಹ ಮುಗಿಯುತ್ತದೆ: ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎದುರಿಗೆ ಒಂದೇ ಪದದ ಉತ್ತರ: ‘ಬಂದಿದೆ.’ ಬಂದಿಲ್ಲ ಅಂತಾದರೆ ಮುಂದಿನ ಪ್ರಶ್ನೆಗೆ ‘ಉದ್ಭವಿಸುವುದಿಲ್ಲ’. ಈ ಉದ್ಭವಿಸುವುದಿಲ್ಲ ಅನ್ನುವ ಪದ ಮಕ್ಕಳಿಗೆ ಎಷ್ಟು ಹಿಡಿಸಿತು ಅಂದ್ರೆ, ಎರಡು ದಿನ ಅಂಗಳದಲ್ಲೆಲ್ಲ ಅದೇ. ಹೋಂವರ್ಕ್ ಎಲ್ಲಿ ಅಂದ್ರೂ ಅದೇ ಉತ್ತರ.

ಚುಕ್ಕೆ ಗುರುತಿನ ಪ್ರಶ್ನೆ ಅಂದ್ರೇನು, ಚುಕ್ಕೆ ಇಲ್ಲದ್ದು ಯಾವುದು ಅಂತ ಬೋರ್ಡಿನ ಮೇಲೆ ಬರೆದು ಹೇಳಿದೆ. ಚುಕ್ಕೆ ಇಲ್ಲದ್ದಕ್ಕೆ ಸಚಿವರು ಬರೆದು ಉತ್ತರ ಕೊಟ್ಟರೆ ಮುಗಿಯಿತು. ಚುಕ್ಕೆ ಇದ್ದದ್ದಕ್ಕೆ ಸದನದಲ್ಲಿ ಎದ್ದು ನಿಂತು ಬಾಯಿಂದ ಹೇಳಬೇಕು. ಲೋಕಸಭೆಯಲ್ಲಿ ದಿನಕ್ಕೆ ಅಂಥ 20 ಪ್ರಶ್ನೆ ಪಟ್ಟಿಗೆ ಬರುತ್ತವೆ. ಸಚಿವರು ಹೇಳಿ ಮುಗಿಸಿದ ಮೇಲೆ, ಆ ಉತ್ತರದ ಮೇಲೆಯೇ ಸದಸ್ಯರು ಇನ್ನೊಂದು ಪ್ರಶ್ನೆ ಕೇಳಬಹುದು. ಅದು ಉಪಪ್ರಶ್ನೆ. ‘ಅದನ್ನ ಮೊದ್ಲ ಬರದ ಕೊಡಬೇಕೇನ್ರಿ ಅಕ್ಕೋರ?’ ಅಂತ ಆ ಹುಡುಗಿ ಕೇಳಿದ್ದಳು. ಬೇಕಾಗಿಲ್ಲ ಅಂದಿದ್ದೆ. ಅಷ್ಟು ಹೇಳಿ ನಾನು ಮರೆತೆ. ಅವಳು ಮರೆತಿರಲಿಲ್ಲ.

ಮೊದಲು ಹಣಕಾಸಿನ ಪ್ರಶ್ನೆ ಬಂತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆಗೆ ಎಷ್ಟು ಹಣ ಇಟ್ಟಿದ್ದೀರಿ ಅಂತ. ನಮ್ಮ ಹಣಕಾಸು ಸಚಿವ ಕನ್ನಡಕದ ಹುಡುಗ, ಲೆಕ್ಕದಲ್ಲಿ ಚುರುಕು. 2023ರ ಜೂನ್ 11ರಂದು ಯೋಜನೆ ಶುರುವಾಯಿತು, 2025-26ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಇಟ್ಟಿದ್ದೇವೆ, ಐದು ಗ್ಯಾರಂಟಿಗೂ ಸೇರಿ 51 ಸಾವಿರ ಕೋಟಿ ದಾಟುತ್ತದೆ ಅಂತ ತಡವರಿಸದೆ ಹೇಳಿದ. ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ಟಿಕೆಟ್ಟಿನ ದುಡ್ಡನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ತುಂಬಿಕೊಡಬೇಕು ಅನ್ನೋದನ್ನೂ ಸೇರಿಸಿದ. ಎದುರು ಬೆಂಚಿನ ಹುಡುಗ ಎದ್ದು, 2025ರ ಜನವರಿ 5ರಿಂದ ಟಿಕೆಟ್ ದರ ಶೇ. 15ರಷ್ಟು ಏರಿದೆಯಲ್ಲ, ಅಪ್ಪಂದಿರ ಕಿಸೆಯಿಂದ ಹೋಗೋದು ಜಾಸ್ತಿ ಆಗಲಿಲ್ಲವೇ ಅಂದ. ಡೀಸೆಲ್ ಖರ್ಚು, ಸಿಬ್ಬಂದಿ ಸಂಬಳ ಅಂತ ಉತ್ತರ ಬಂತು. ಚಪ್ಪಾಳೆ. ಇದೆಲ್ಲ ಬರೆದುಕೊಂಡ ಹಾಗೇ ನಡೆಯಿತು.

ಆಮೇಲೆ ಸಾರಿಗೆ.

‘ಮಾನ್ಯ ಸಭಾಧ್ಯಕ್ಷರೇ, ಹಳ್ಳಿಗಳಿಂದ ಶಾಲೆ ಕಾಲೇಜಿಗೆ ಹೋಗುವ ಮಕ್ಕಳಿಗೆ ಬೆಳಗಿನ ಹೊತ್ತು ಬಸ್ಸಿನಲ್ಲಿ ಜಾಗ ಸಿಗದೇ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’

ಸಚಿವ ಎದ್ದ. ಅಂಗಿಯ ಮೇಲೆ ಅಜ್ಜನ ಶಲ್ಯ ಹೊದ್ದಿದ್ದ. ‘ಗಮನಕ್ಕೆ ಬಂದಿದೆ ಮಾನ್ಯ ಸಭಾಧ್ಯಕ್ಷರೇ. ಹೆಚ್ಚುವರಿ ಬಸ್ಸುಗಳನ್ನು ಓಡಿಸಲು ಪರಿಶೀಲಿಸಲಾಗುವುದು.’ ಕೂತ.

ಅಲ್ಲಿಗೆ ನಮ್ಮ ಹಾಳೆ ಮುಗಿದಿತ್ತು. ಮುಂದಿನ ಪ್ರಶ್ನೆಗೆ ಹೋಗಬೇಕು. ಆದರೆ ಹುಡುಗಿ ಕೂರಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಬೆಂಚಿನ ಮೇಲೆ ಇಟ್ಟಳು. ಪುಸ್ತಕದ ಕನ್ನಡ ಬಿಟ್ಟು ಮನೆಯ ಮಾತಿನಲ್ಲಿ ಕೇಳಿದಳು.

‘ಗಮನಕ್ಕ ಬಂದು ಎಷ್ಟ ದಿನ ಆತ್ರಿ?’

ಸಚಿವ ಎದ್ದು ನಿಂತ. ಹಾಳೆ ತಿರುಗಿಸಿ ನೋಡಿದ. ಹಿಂದೆ ಏನೂ ಇರಲಿಲ್ಲ. ನನ್ನ ಕಡೆ ನೋಡಿದ. ನನ್ನ ಹತ್ತಿರವೂ ಏನೂ ಇರಲಿಲ್ಲ. ಶಲ್ಯ ಒಂದು ಕಡೆ ಜಾರಿತ್ತು. ಅದನ್ನು ಸರಿ ಮಾಡಿಕೊಳ್ಳುತ್ತಾ, ದನಿ ಸಣ್ಣದು ಮಾಡಿ ಹೇಳಿದ: ‘ಎರಡ ವರ್ಷ ಆತ್ರಿ. ಎಂಟನೇತ್ತೇ ಇದ್ದಾಗಿಂದ. ನಾನೂ ಅದ ಬಸ್ಸಿಗೇ ಬರ್ತೀನಲ್ರಿ.’

ಹಾಲ್‌ನಲ್ಲಿ ಕೆಲವರು ನಕ್ಕರು. ನನಗೆ ಗಂಟಲು ಕಟ್ಟಿತು.

ಯಾಕೆ ಅಂದ್ರೆ ಆ ಬಸ್ಸು ನನಗೂ ಗೊತ್ತು. ಮುಂಡರಗಿ ರಸ್ತೆಯಿಂದ ಒಳಗೆ ಇರುವ ಹಳ್ಳಿ. ಬೆಳಿಗ್ಗೆ ಎಂಟೂಕಾಲಿಗೆ ಒಂದು ಬಸ್ಸು. ಅದು ಬಿಟ್ಟರೆ ಹನ್ನೊಂದರ ತನಕ ಇಲ್ಲ. ಹಿಂದಿನ ಊರುಗಳಲ್ಲೇ ತುಂಬಿಕೊಂಡು ಬರುತ್ತದೆ. ಕೆಲವು ದಿನ ನಿಲ್ಲುತ್ತದೆ, ಹುಡುಗರು ಬಾಗಿಲ ಕಂಬಿ ಹಿಡಿದು ಜೋತುಬೀಳುತ್ತಾರೆ, ಹುಡುಗಿಯರು ಪಾಟಿಚೀಲವನ್ನು ಕಿಟಕಿಯಿಂದ ಯಾರದೋ ತೊಡೆಯ ಮೇಲೆ ಹಾಕಿ ಹತ್ತುತ್ತಾರೆ. ಕೆಲವು ದಿನ ಡ್ರೈವರ್ ಕೈ ಆಡಿಸಿ ಮುಂದೆ ಹೋಗುತ್ತಾರೆ. ಅವತ್ತು ಆರು ಕಿಲೋಮೀಟರ್ ನಡಿಗೆ. ಮೊದಲ ಪೀರಿಯಡ್ ನಡೆಯುವಾಗ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಎಷ್ಟೋ ಸಲ ನಾನೇ ‘ಯಾಕ ಲೇಟು?’ ಅಂತ ಗದರಿದ್ದೇನೆ. ಉತ್ತರ ಗೊತ್ತಿದ್ದೂ ಗದರಿದ್ದೇನೆ.

ಡ್ರೈವರ್ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮ್ಮ ಕಡೆಯವರೇ, ನಮ್ಮಂಥ ಮನೆಗಳಿಂದಲೇ ಬಂದವರು. ಕಾಲಿಡಲೂ ಜಾಗ ಇಲ್ಲದ ಬಸ್ಸಿಗೆ ಇನ್ನೂ ಇಪ್ಪತ್ತು ಮಕ್ಕಳನ್ನು ಹತ್ತಿಸಿಕೊಂಡು ಯಾರಾದರೂ ಜಾರಿ ಬಿದ್ದರೆ ಮೊದಲು ಕೇಳುವುದು ಅವರನ್ನೇ. ಶಕ್ತಿ ಯೋಜನೆಯನ್ನು ಬೈಯುವವರ ಜೊತೆಗೂ ನಾನು ಸೇರುವುದಿಲ್ಲ. ನಮ್ಮ ಹಳ್ಳಿಯ ತಾಯಂದಿರು ಯಾರ ಕೈಯಲ್ಲೂ ದುಡ್ಡು ಬೇಡದೆ ಗದಗಿನ ದವಾಖಾನೆಗೆ ಹೋಗಿ ಬರುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ಮನೆಯೊಳಗೇ ಇದ್ದವರು ಹೊರಗೆ ಬಂದಿದ್ದಾರೆ. ಹೊರಗೆ ಬಂದವರಿಗೆ ಕೂರಲು ಬಸ್ಸು ಬೇಕಲ್ವಾ? ಟಿಕೆಟ್ಟಿನ ಲೆಕ್ಕ ಒಬ್ಬ ಸಚಿವರ ಹತ್ತಿರ, ಬಸ್ಸಿನ ಲೆಕ್ಕ ಇನ್ನೊಬ್ಬರ ಹತ್ತಿರ. ಎರಡೂ ಬಂದು ಸೇರುವ ಜಾಗ ಎಂಟೂಕಾಲಿನ ನಮ್ಮ ಬಸ್ ಸ್ಟಾಪು. ಹೋದ ವರ್ಷ ಚೆನ್ನಾಗಿ ಓದುತ್ತಿದ್ದ ಹುಡುಗಿಯೊಬ್ಬಳು ಹತ್ತನೇ ತರಗತಿ ಮುಗಿಸಿ ಮನೆಯಲ್ಲೇ ಉಳಿದಳು. ಗದಗಿನ ಕಾಲೇಜಿಗೆ ಕಳಿಸಿ ಅಂತ ಹೇಳಲು ಮನೆಗೆ ಹೋಗಿದ್ದೆ. ಅವಳ ಅವ್ವ ಅಂದದ್ದು ಇಷ್ಟೇ: ‘ಬಸ್ಸ ನಿಂತ್ರ ಕಳಸ್ತೇನ್ರಿ ಅಕ್ಕೋರ. ದಿನಾ ಹೆಣ್ ಹುಡುಗಿನ್ನ ರಸ್ತಾದಾಗ ಹ್ಯಾಂಗ ನಿಂದ್ರಸಲಿ?’

ಇದು ಯಾವ ಬಜೆಟ್ಟಿನ ಯಾವ ಪುಟದಲ್ಲಿ ಬರುತ್ತದೆ?

ಸ್ಪರ್ಧೆಯಲ್ಲಿ ನಮಗೆ ಬಹುಮಾನ ಬರಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು ಕರೆದು, ‘ಹುಡುಗಿ ಚಲೋ ಮಾತಾಡ್ತಾಳ್ರಿ, ಆದ್ರ ಸಚಿವ ತಬ್ಬಿಬ್ಬಾದ. ಉತ್ತರ ಬಾಯಿಪಾಠ ಮಾಡಸಬೇಕಿತ್ತು’ ಅಂದರು. ಒಳ್ಳೆಯ ಮನುಷ್ಯರೇ ಅವರು, ಮಕ್ಕಳಿಗೆ ಪ್ರೀತಿಯಿಂದಲೇ ಹೇಳಿದರು. ಆದರೆ ಅವರ ಮಾತು ನನಗೆ ಒಪ್ಪಿಗೆ ಇಲ್ಲ. ಅವತ್ತಿನ ಸದನದಲ್ಲಿ ಸಚಿವರಾದವರು ಐದಾರು ಶಾಲೆಯ ಮಕ್ಕಳು. ಎಲ್ಲರೂ ‘ಪರಿಶೀಲಿಸಲಾಗುವುದು’ ಅಂದರು. ನಿಜ ಹೇಳಿದವನು ನಮ್ಮ ಹುಡುಗ ಒಬ್ಬನೇ. ಅದಕ್ಕೆ ಅಂಕ ಕಡಿಮೆ ಅಂದ್ರೆ, ನಾವು ಮಕ್ಕಳಿಗೆ ಏನು ಕಲಿಸಲು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು?

ವಾಪಸ್ ಬರುವಾಗ ಮಕ್ಕಳ ಮುಖ ಸಣ್ಣಗಾಗಿತ್ತು. ಅವರಿಗೆ ಫಿರೋಜ್ ಗಾಂಧಿಯವರ ಕಥೆ ಹೇಳಿದೆ. 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಅವರು ಎಲ್‌ಐಸಿಯ ದುಡ್ಡಿನ ಬಗ್ಗೆ ಎದ್ದು ನಿಂತರು. ಮುಂಧ್ರಾ ಅನ್ನುವ ಉದ್ಯಮಿಯ ಕಂಪನಿಗಳ ಷೇರಿಗೆ ಸುಮಾರು 1.24 ಕೋಟಿ ರೂಪಾಯಿ ಹಾಕಿದ್ದು ಯಾಕೆ ಅಂತ ಕೇಳಿದರು. ಅವರದು ಆಳುವ ಪಕ್ಷ, ಪ್ರಧಾನಿ ನೆಹರೂ ಅವರಿಗೆ ಮಾವ ಆಗಬೇಕು. ಆದರೂ ಬಿಡಲಿಲ್ಲ. ನ್ಯಾಯಮೂರ್ತಿ ಚಾಗ್ಲಾ ಅವರ ಆಯೋಗ ಕೂತಿತು, ಎಲ್ಲರ ಎದುರು ವಿಚಾರಣೆ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ‘ತಮ್ಮ ಪಾರ್ಟಿಯವರನ್ನ ಕೇಳಿದ್ರೇನ್ರಿ?’ ಅಂತ ಹುಡುಗ ಬೆರಗಾದ. ನಮ್ಮ ಜಿಲ್ಲೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಹೆಸರನ್ನೂ ಹೇಳಿದೆ. ಕರ್ನಾಟಕ ಒಂದಾಗಬೇಕು ಅನ್ನುವ ಗೊತ್ತುವಳಿಯನ್ನು ಅವರು ಮಂಡಿಸಿದ್ದು ಮುಂಬೈ ವಿಧಾನಸಭೆಯಲ್ಲಿ. ಆಗ ನಮ್ಮ ಗದಗ ಮುಂಬೈ ಪ್ರಾಂತ್ಯದೊಳಗೇ ಇತ್ತು. ಇಲ್ಲಿಂದ ಹೋದ ಒಬ್ಬ ಮನುಷ್ಯ ಅಷ್ಟು ದೂರದ ಸದನದಲ್ಲಿ ಎದ್ದು ನಿಂತು ನಮ್ಮ ಮಾತು ಆಡಿದ್ದ.

ರಾತ್ರಿ ನಿದ್ದೆ ಬರಲಿಲ್ಲ. ನನ್ನಂಥ ಹೈಸ್ಕೂಲು ಶಿಕ್ಷಕಿಗೆ ಶಾಸಕರನ್ನು ಆರಿಸುವ ವೋಟು ಇದೆ. ಅದರ ಜೊತೆಗೆ ವಿಧಾನ ಪರಿಷತ್ತಿಗೆ ಪಶ್ಚಿಮ ಶಿಕ್ಷಕರ ಕ್ಷೇತ್ರದ್ದೊಂದು, ಪದವೀಧರ ಕ್ಷೇತ್ರದ್ದೊಂದು. ಎರಡು ಸದನ ಸೇರಿ ಮೂವರು ಪ್ರತಿನಿಧಿಗಳು. ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ಪ್ರಶ್ನೋತ್ತರ ಅವಧಿ ಅಂತ ಎಷ್ಟು ಸಲ ಬರೆದಿದ್ದೇನೋ. ಈ ಮೂವರಲ್ಲಿ ಒಬ್ಬರಿಗೂ ‘ಇದನ್ನು ಸದನದಲ್ಲಿ ಕೇಳಿ’ ಅಂತ ಒಂದು ಸಾಲು ಬರೆದು ಕಳಿಸಿಲ್ಲ. ಶಾಸಕರು ಕೇಳುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ದಿನಾ ಹೇಳುತ್ತೇವೆ. ಎಂಟೂಕಾಲಿನ ಬಸ್ಸಿನ ಸುದ್ದಿ ಅವರಿಗೆ ಮುಟ್ಟಿಸಿದವರು ನಮ್ಮಲ್ಲಿ ಯಾರು? ನನ್ನ ಗಮನಕ್ಕೆ ಬಂದು ಎಷ್ಟು ದಿನ ಆಯಿತು?

ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಬಂದರು. ಹುಡುಗನ ಕೈಯಲ್ಲಿ ಗಣಿತದ ನೋಟ್ ಪುಸ್ತಕ. ಕೊನೆಯ ಪುಟ ತೆರೆದು ತೋರಿಸಿದ. ಜೂನ್‌ನಿಂದ ಬಸ್ಸು ನಿಲ್ಲದ ದಿನಗಳ ತಾರೀಕು, ಒಂದರ ಕೆಳಗೊಂದು. ಕೆಲವು ನೀಲಿ ಪೆನ್ನಿನಲ್ಲಿ, ಕೆಲವು ಪೆನ್ಸಿಲ್ಲಿನಲ್ಲಿ. ಪರೀಕ್ಷೆ ಇದ್ದ ದಿನಗಳಿಗೆ ಸುತ್ತ ಗೆರೆ ಹಾಕಿದ್ದ. ಇದನ್ನೆಲ್ಲ ಯಾಕೆ ಬರೆದಿಟ್ಟಿದ್ದೆ ಅಂದೆ. ‘ಸುಮ್ನ ಬರದಿದ್ದೆ ಅಕ್ಕೋರ’ ಅಂದ.

ಹುಡುಗಿ ಒಂದು ಹಾಳೆ ಕೊಟ್ಟಳು. ಸ್ಕೇಲ್ ಇಟ್ಟು ನಡುವೆ ಗೆರೆ ಎಳೆದಿದ್ದಳು. ಎಡಗಡೆ ಪ್ರಶ್ನೆ, ಬಲಗಡೆ ಖಾಲಿ. ಮೇಲೆ ನಮ್ಮ ಶಾಸಕರಿಗೆ ಅಂತ ಬರೆದಿತ್ತು. ಅ, ಆ, ಎರಡೂ ನಾನು ಹೇಳಿಕೊಟ್ಟ ಹಾಗೇ ಇದ್ದವು. ಇ ಅವಳದು: ‘ಬಂದಿದ್ದರೆ, ಯಾವ ತಾರೀಕಿನಂದು ಗಮನಕ್ಕೆ ಬಂದಿತು?’

‘ತಪ್ಪಿದ್ರ ತಿದ್ರಿ ಅಕ್ಕೋರ’ ಅಂದಳು. ಒಂದು ಒತ್ತಕ್ಷರ ತಿದ್ದಿದೆ. ಕೆಳಗೆ ಅವರಿಬ್ಬರ ಸಹಿ ಇತ್ತು. ಮೂರನೆಯದು ನಾನು ಹಾಕಿದೆ.