ಬಟ್ಟಲಿನ ಗೆರೆ ಹಿಡಿದು ಕಾರ್ನಿಂಗ್‌ವರೆಗೆ

ನ್ಯೂಜೆರ್ಸಿಯಿಂದ ನ್ಯೂಯಾರ್ಕ್ ರಾಜ್ಯದ ಗಾಜಿನ ಊರು ಕಾರ್ನಿಂಗ್‌ಗೆ ಹೆದ್ದಾರಿ ಹಿಡಿದು ನೇರ ಹೋದರೆ ನಾಲ್ಕು ತಾಸಿನ ದಾರಿ. ನಾವು ಸುತ್ತಿಕೊಂಡು ಹೋದೆವು. ದಾರಿ ಬಿಟ್ಟು ಸ್ವಲ್ಪ ಒಳಗೆ, ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವೆ ಹಾವ್ಲಿ, ವೈಟ್ ಮಿಲ್ಸ್ ಅಂತ ಎರಡು ಸಣ್ಣ ಊರುಗಳಿವೆ. ಹಳೇ ಕಟ್ ಗ್ಲಾಸ್ (ಚಕ್ರಕ್ಕೆ ಹಿಡಿದು ಗೆರೆ ಕೊರೆದ ಗಾಜು) ಬಟ್ಟಲುಗಳ ಮೇಲೆ ಆಸೆ ಇರುವವರು ಈ ಎರಡನ್ನೂ ನೋಡದೆ ಕಾರ್ನಿಂಗ್‌ಗೆ ಹೋಗಬಾರದು ಅನ್ನುವುದು ನನ್ನ ಹಟ.

ಕಾರು ಭಾವನದು, ಓಡಿಸಿದ್ದೂ ಅವರೇ. ಅಕ್ಕ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆದಳು. ಹೆದ್ದಾರಿ ಬಿಟ್ಟು ಕಾಡಿನ ದಾರಿಗೆ ತಿರುಗಿದಾಗ ಭಾವ ಕೇಳಿದರು, "ಒಂದು ಗಾಜಿನ ಬಟ್ಟಲು ನೋಡ್ಲಿಕ್ಕೆ ಮೂರು ಊರು ಸುತ್ತಬೇಕಾ ಮಾರಾಯ್ತಿ?"

"ಮೂರೂ ಊರಿನ ಬಟ್ಟಲು ಬೇರೆ ಬೇರೆ ಭಾವ. ನೀವು ಓಡಿಸಿ, ಇವತ್ತಿನ ಊಟ ನನ್ನ ಲೆಕ್ಕ."

ಅಮೆರಿಕದಲ್ಲಿ ಹಳೇ ಸಾಮಾನು ಮಾರುವ ಅಂಗಡಿಗೆ ಕಾಲಿಟ್ಟವರಿಗೆ ಈ ಬಟ್ಟಲುಗಳ ಪರಿಚಯ ಇದ್ದೇ ಇರುತ್ತದೆ. ದಪ್ಪ ಗಾಜು, ಎತ್ತಿದರೆ ಕೈ ಜಗ್ಗುವ ಭಾರ, ಮೈತುಂಬಾ ಆಳವಾದ ಕೊರೆತ, ಅಂಚಿನಲ್ಲಿ ಗರಗಸದಂಥ ಹಲ್ಲು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿಂದ ಮೊದಲ ಮಹಾಯುದ್ಧದವರೆಗಿನ ಸುಮಾರು ನಲವತ್ತು ವರ್ಷವನ್ನು ಸಂಗ್ರಹಕಾರರು 'ಬ್ರಿಲಿಯಂಟ್' ಕಾಲ ಅನ್ನುತ್ತಾರೆ. ಆಗ ಅನುಕೂಲಸ್ಥರ ಮನೆಯ ಮದುವೆಗೆ ಉಡುಗೊರೆ ಅಂದರೆ ಕಟ್ ಗ್ಲಾಸ್. ಅದರಲ್ಲೂ ಎಂಟೊಂಬತ್ತು ಇಂಚಿನ ದುಂಡು ಬಟ್ಟಲು. ಹಾಗಾಗಿಯೇ ಇವತ್ತಿಗೂ ಬೇರೆ ಪಾತ್ರೆಗಳಿಗಿಂತ ಬಟ್ಟಲೇ ಜಾಸ್ತಿ ಸಿಗುತ್ತದೆ.

ಮೊದಲ ನಿಲುಗಡೆ ಹಾವ್ಲಿ. ಊರಂಚಿನಲ್ಲಿ ವಾಲೆನ್‌ಪಾಪ್ಯಾಕ್ ಹೊಳೆ ಬಂಡೆಗಳ ಮೇಲಿಂದ ಧುಮುಕುತ್ತದೆ. ಅದರ ಪಕ್ಕದಲ್ಲೇ ನೀಲಿ ಛಾಯೆಯ ಕಲ್ಲಿನ ಒಂದು ಹಳೇ ಕಟ್ಟಡ. ಈಗ ಅದು ಹೋಟೆಲ್. 1890ರಲ್ಲಿ ಕಟ್ಟಿದಾಗ ಅದು ಜಾನ್ ಓಕಾನರ್ ಅವರ ಗಾಜು ಕೊರೆಯುವ ಕಾರ್ಖಾನೆ. ಕಿಟಕಿಗಳು ಎಷ್ಟು ದೊಡ್ಡವು ನೋಡಿ. ಕೊರೆಯುವವನಿಗೆ ಬೆಳಕು ಬೇಕೇ ಬೇಕು. ಗಾಜಿನಲ್ಲಿ ತಪ್ಪು ಗೆರೆ ಬಿದ್ದರೆ ಅಳಿಸೋಕಾಗಲ್ಲ, ಅಲ್ವಾ?

ಓಕಾನರ್ ಹೆಸರನ್ನು ನೆನಪಿಟ್ಟುಕೊಳ್ಳಬೇಕಾದ್ದು ಒಂದು ಗೆರೆಯ ಕಾರಣಕ್ಕೆ. ಅಲ್ಲಿಯವರೆಗೆ ಬಟ್ಟಲಿನ ಮೇಲಿನ ಆಳವಾದ ಗೆರೆಗಳೆಲ್ಲ ನೆಟ್ಟಗಿರುತ್ತಿದ್ದವು. ಈ ಇಂಗ್ಲಿಷಿನ 'ವಿ' ಆಕಾರದ ಗೆರೆಗೆ ಕಸುಬಿನವರು ಮೈಟರ್ ಅನ್ನುತ್ತಾರೆ. ತಿರುಗುವ ಚಕ್ರದ ಮೇಲೆ ಭಾರದ ಬಟ್ಟಲು ಒತ್ತಿ ಹಿಡಿದಾಗ ನೆಟ್ಟಗೆ ಕೊರೆಯುವುದು ಸುಲಭ, ಬಾಗಿಸುವುದು ಕಷ್ಟ. ಓಕಾನರ್ 1886ರಲ್ಲಿ 'ಪ್ಯಾರಿಸಿಯನ್' ಅನ್ನುವ ಪ್ಯಾಟರ್ನ್‌ಗೆ ಪೇಟೆಂಟ್ ಪಡೆದರು. ಅದರಲ್ಲಿ ಮೈಟರ್ ಗೆರೆ ಬಿಲ್ಲಿನಂತೆ ಬಾಗಿತು. ಆಮೇಲೆ ಬಂದ ಬಳುಕುವ ವಿನ್ಯಾಸಗಳೆಲ್ಲ ಈ ದಾರಿ ಹಿಡಿದವು.

ಆಗ ಅವರು ಕೆಲಸ ಮಾಡುತ್ತಿದ್ದದ್ದು ಪಕ್ಕದ ವೈಟ್ ಮಿಲ್ಸ್‌ನಲ್ಲಿ, ಕ್ರಿಶ್ಚಿಯನ್ ಡಾರ್ಫ್ಲಿಂಗರ್ ಅವರ ಹತ್ತಿರ. ಹಾವ್ಲಿಯಿಂದ ಅಲ್ಲಿಗೆ ಕಾರಿನಲ್ಲಿ ಕಾಲು ಗಂಟೆಯೂ ಬೇಡ. ಡಾರ್ಫ್ಲಿಂಗರ್ ಫ್ರಾನ್ಸಿನ ಆಲ್ಸೇಸ್ ಕಡೆಯವರು. ಬ್ರೂಕ್ಲಿನ್‌ನಲ್ಲಿ ಗಾಜಿನ ಕಾರ್ಖಾನೆ ನಡೆಸಿದರು. ಲಿಂಕನ್ ಅಧ್ಯಕ್ಷರಾದಾಗ ಶ್ವೇತಭವನಕ್ಕೆ ಹೋದ ಗಾಜಿನ ಸೆಟ್ ಅವರದೇ. ಆಮೇಲೆ 1860ರ ದಶಕದಲ್ಲಿ ಈ ಕಾಡಿನ ಮೂಲೆಗೆ ಬಂದು ಮತ್ತೆ ಕುಲುಮೆ ಹೂಡಿದರು. ಕಾರ್ಖಾನೆ 1921ರಲ್ಲಿ ಮುಚ್ಚಿತು. ಅವರ ಜಾಗ ಈಗ ವನ್ಯಧಾಮ. ಒಳಗೆ ಒಂದು ಮನೆಯಂಥ ಮ್ಯೂಸಿಯಂ ಇದೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹೋಗುವ ಮುಂಚೆ ವಿಚಾರಿಸಿಕೊಳ್ಳಿ.

ಇಲ್ಲಿ ಜನ ಕಡಿಮೆ. ಕಪಾಟಿನ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ನಾನು ನಿಂತದ್ದು 'ರಷ್ಯನ್' ಪ್ಯಾಟರ್ನ್ ಮುಂದೆ. ಅದನ್ನು 1882ರಲ್ಲಿ ಪೇಟೆಂಟ್ ಮಾಡಿಸಿದ್ದು ಕಾರ್ನಿಂಗ್‌ನ ಹಾಕ್ಸ್ ಕಂಪನಿಯ ಫಿಲಿಪ್ ಮೆಕ್‌ಡೊನಾಲ್ಡ್. ಆದರೆ 1891ರಲ್ಲಿ ಶ್ವೇತಭವನಕ್ಕೆ ಈ ಪ್ಯಾಟರ್ನ್‌ನಲ್ಲಿ, ಹದ್ದಿನ ರಾಷ್ಟ್ರಲಾಂಛನ ಸೇರಿಸಿ, ಇಡೀ ಸೆಟ್ ಮಾಡಿಕೊಟ್ಟದ್ದು ಡಾರ್ಫ್ಲಿಂಗರ್. ಒಬ್ಬರ ವಿನ್ಯಾಸ ಇನ್ನೊಬ್ಬರ ಕೈಗೆ ಹೋಗುವುದು ಆ ಕಾಲದಲ್ಲಿ ಮಾಮೂಲಿ.

ದೂರದಿಂದ ನೋಡಿದರೆ ರಷ್ಯನ್ ಬರೀ ಮಿಣಮಿಣ. ಹತ್ತಿರ ಹೋದರೆ ಕಾಣುವುದು ಗುಂಡಿಯಂಥ ಉಬ್ಬುಗಳು, ಅವುಗಳ ನಡುವೆ ಪುಟ್ಟ ನಕ್ಷತ್ರಗಳು. ಖಾಲಿ ಜಾಗ ಅನ್ನುವುದೇ ಇಲ್ಲ. ಕೆಲವು ಬಟ್ಟಲುಗಳಲ್ಲಿ ಗುಂಡಿ ನುಣುಪು, ಕೆಲವದರಲ್ಲಿ ಗುಂಡಿಯ ಮೇಲೂ ಒಂದು ನಕ್ಷತ್ರ. ದುಡಿಮೆ ಎಷ್ಟಿದೆ ಅಂತ ಯೋಚಿಸಿದರೆ ತಲೆ ತಿರುಗುತ್ತದೆ. ಆದರೂ ಒಂದು ಮಾತು ಹೇಳಿಬಿಡುತ್ತೇನೆ: ನನಗೆ ರಷ್ಯನ್ ಅಷ್ಟೊಂದು ಇಷ್ಟವಿಲ್ಲ. ಕಣ್ಣಿಗೆ ಕೂರಲು ಜಾಗ ಕೊಡದ ಪ್ಯಾಟರ್ನ್ ಅದು.

ಪಕ್ಕದ ಕಪಾಟಿನಲ್ಲಿ ಪ್ಯಾರಿಸಿಯನ್ ಇತ್ತು. ಬಾಗಿದ ಗೆರೆಗಳು, ನಡುವೆ ಬೀಸಣಿಗೆ, ಅಲ್ಲಲ್ಲಿ ವಜ್ರದಂಥ ಚೌಕುಳಿ. ಅಕ್ಕ ಬಗ್ಗಿ ನೋಡಿ, "ಇದು ಸೀರೆ ಅಂಚಿಗೆ ಚೆನ್ನಾಗಿರತ್ತೆ ಕಣೇ" ಅಂದಳು.

ಈ ಗೆರೆಗಳನ್ನು ಕೊರೆಯುವ ಬಗೆ ತಿಳಿದರೆ ಬಟ್ಟಲು ನೋಡುವ ರೀತಿಯೇ ಬದಲಾಗುತ್ತದೆ. ಊದಿ ಮಾಡಿದ ನುಣುಪಾದ ದಪ್ಪ ಬಟ್ಟಲಿನ ಮೇಲೆ ಮೊದಲು ಕೆಂಪು ಬಣ್ಣದಲ್ಲಿ ಮುಖ್ಯ ಗೆರೆಗಳನ್ನಷ್ಟೇ ಗುರುತು ಹಾಕುತ್ತಿದ್ದರು. ಆಮೇಲೆ ಕಬ್ಬಿಣದ ಚಕ್ರ. ಅದರ ಮೇಲೆ ಮೇಲಿನಿಂದ ಮರಳು, ನೀರು ಸೋರುತ್ತಿರುತ್ತದೆ. ಗಾಜನ್ನು ನಿಜಕ್ಕೂ ತಿನ್ನುವುದು ಮರಳು. ಕೊರೆತ ಒರಟಾಗಿ, ಬಿಳಿಚಿಕೊಂಡು ಬರುತ್ತದೆ. ಅದನ್ನು ಕಲ್ಲಿನ ಚಕ್ರಕ್ಕೆ ಹಿಡಿದು ನಯ ಮಾಡಬೇಕು, ಸಣ್ಣ ಗೆರೆಗಳನ್ನೂ ಅದರಲ್ಲೇ ಕೊರೆಯಬೇಕು. ಕೊನೆಗೆ ಮರದ ಚಕ್ರ, ನುಣ್ಣನೆ ಪುಡಿ, ಪಾಲಿಶ್.

ಇದರಲ್ಲಿ ಸೋಜಿಗದ ಸಂಗತಿ ಒಂದಿದೆ. ಕೊರೆಯುವವನು ಬಟ್ಟಲನ್ನು ಚಕ್ರದ ಮೇಲಿಟ್ಟು ಕೆಳಕ್ಕೆ ಒತ್ತುತ್ತಾನೆ. ಚಕ್ರ ತಾಗುವ ಜಾಗ ಹೊರಮೈಯಲ್ಲಿ, ಅಡಿಯಲ್ಲಿ. ಅವನ ಕಣ್ಣು ಮಾತ್ರ ಬಟ್ಟಲಿನ ಒಳಗಿಂದ, ಗಾಜಿನ ದಪ್ಪ ದಾಟಿ, ಮರಳು ನೀರಿನ ಕೆಸರು ದಾಟಿ ಆ ಗೆರೆಯನ್ನು ನೋಡುತ್ತಿರುತ್ತದೆ. ನಾವು ಹಣ್ಣು ಹಾಕುವ ಕಡೆಯಿಂದ ಅವನು ಕೆಲಸ ಮಾಡುತ್ತಾನೆ. ನಾನು ಬಟ್ಟಲು ಕೈಗೆತ್ತಿಕೊಂಡಾಗ ಮೊದಲು ಒಳಗಿಂದಲೇ ನೋಡುವುದು ಅದಕ್ಕೇ. ಹೊರಗಿಂದ ಹೊಳಪು ಕಣ್ಣಿಗೆ ಹೊಡೆಯುತ್ತದೆ. ಒಳಗಿಂದ ನೋಡಿದರೆ ಗೆರೆಗಳ ಲೆಕ್ಕಾಚಾರ ಕಾಣುತ್ತದೆ.

ಭಾವನಿಗೆ ಇದನ್ನು ತೋರಿಸಲು ಹಾಬ್‌ಸ್ಟಾರ್ ಸಾಕಾಯಿತು. ಈ ಕಾಲದ ಬಟ್ಟಲುಗಳಲ್ಲಿ ಅತಿ ಹೆಚ್ಚು ಕಾಣುವ ನಕ್ಷತ್ರ ಅದು. ನಡುವೆ ಒಂದು ಉಬ್ಬು, ಸುತ್ತ ಮೊನೆಗಳು. ನೋಡಿದರೆ ಉಬ್ಬನ್ನು ಬೇರೆಯಾಗಿ ಮಾಡಿ ಕೂರಿಸಿದಂತಿರುತ್ತದೆ. ಯಾರೂ ಅದನ್ನು ಮಾಡಿರುವುದಿಲ್ಲ. ಒಂದು ಮೊನೆಯಿಂದ ಹೊರಟ ಗೆರೆ ನಡುವಿಗೆ ಹೋಗದೆ, ಪಕ್ಕದಲ್ಲಿ ಸರಿದು, ಆಚೆ ಕಡೆಯ ಇನ್ನೊಂದು ಮೊನೆ ಸೇರುತ್ತದೆ. ಹಾಗೆ ಎಲ್ಲ ಮೊನೆಗಳಿಂದಲೂ ಗೆರೆ ಹೊರಟರೆ ನಡುವೆ ಕೊರೆಯದ ಗಾಜು ತಾನಾಗಿ ಉಳಿಯುತ್ತದೆ. ಅದೇ ಉಬ್ಬು. ಚುಕ್ಕಿ ರಂಗೋಲಿಯಲ್ಲಿ ಎಳೆ ಚುಕ್ಕಿ ಬಳಸಿ ಹೋಗುವ ಲೆಕ್ಕವೇ ಇದು. ಹದಿನಾರು ಮೊನೆ ಇರಲಿ, ಇಪ್ಪತ್ನಾಲ್ಕು ಇರಲಿ, ಒಂದು ಗೆರೆ ಕೂದಲೆಳೆ ಸರಿದರೂ ಉಬ್ಬು ಸೊಟ್ಟಗಾಗುತ್ತದೆ.

ಭಾವ ಕನ್ನಡಕ ಮೇಲೇರಿಸಿ, ಬೆರಳಲ್ಲಿ ಗಾಳಿಯಲ್ಲೇ ಗೆರೆ ಹಿಡಿದು ಹೋದರು. "ಓ, ಇದು ಜಾಮಿಟ್ರಿ ಅಲ್ವಾ!" ಅಲ್ಲಿಂದ ಮುಂದೆ ಬಟ್ಟಲು ನೋಡಲು ಅವರನ್ನು ಕರೆಯಬೇಕಾಗಲಿಲ್ಲ. ಕಪಾಟಿನಿಂದ ಎಬ್ಬಿಸಲು ಕರೆಯಬೇಕಾಯಿತು.

ವೈಟ್ ಮಿಲ್ಸ್‌ನಿಂದ ಬಿಂಗ್‌ಹ್ಯಾಮ್ಟನ್, ಅಲ್ಲಿಂದ ಪಶ್ಚಿಮಕ್ಕೆ ಎಲ್ಮೈರಾ ದಾಟಿ ಕಾರ್ನಿಂಗ್. ಈ ದಾರಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಏನಿಲ್ಲ.

ಕಾರ್ನಿಂಗ್ ಶೆಮಂಗ್ ನದಿಯ ಎರಡೂ ದಡದಲ್ಲಿ ಹಬ್ಬಿದ ಊರು. 1868ರಲ್ಲಿ ಬ್ರೂಕ್ಲಿನ್‌ನ ಒಂದು ಗಾಜಿನ ಕಾರ್ಖಾನೆ ಇಲ್ಲಿಗೆ ಬಂತು. ಮುಂದೆ ಕಾರ್ನಿಂಗ್ ಗ್ಲಾಸ್ ವರ್ಕ್ಸ್ ಆದದ್ದು ಅದೇ. ಅದರ ಜೊತೆಗೇ ಜಾನ್ ಹೋರ್ ಕೊರೆಯುವ ಶಾಪ್ ತೆರೆದರು. ಐರ್ಲೆಂಡಿನ ಥಾಮಸ್ ಹಾಕ್ಸ್ 1880ರಲ್ಲಿ ತಮ್ಮದೇ ಕಂಪನಿ ಶುರುಮಾಡಿದರು. 1889ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಹಾಕ್ಸ್ ಬಟ್ಟಲುಗಳಿಗೆ ಗ್ರ್ಯಾಂಡ್ ಪ್ರಿ ಬಹುಮಾನ ಬಂದ ಮೇಲೆ ಕೇಳಬೇಕೆ? ಊರಿಗೆ 'ಕ್ರಿಸ್ಟಲ್ ಸಿಟಿ' ಅನ್ನುವ ಹೆಸರೇ ನಿಂತಿತು.

ಕಾರ್ನಿಂಗ್ ಗಾಜಿನ ಮ್ಯೂಸಿಯಂ 1951ರಲ್ಲಿ ತೆರೆದದ್ದು. ಐವತ್ತು ಸಾವಿರಕ್ಕೂ ಹೆಚ್ಚು ವಸ್ತುಗಳಿವೆ. ಎಲ್ಲ ನೋಡುತ್ತೇನೆ ಅಂತ ಹೊರಟರೆ ಕಾಲು ಹೋಗುತ್ತದೆ. ಅಕ್ಕ ಗಾಜು ಊದುವ ಪ್ರದರ್ಶನಕ್ಕೆ ಹೋಗಿ ಕೂತಳು. ನಾನೂ ಭಾವನೂ ನೇರ ಈ ಊರಿನ ಗಾಜಿಗೇ ಮೀಸಲಾದ ಗ್ಯಾಲರಿಗೆ ಹೋದೆವು. ಇಲ್ಲಿ ದೀಪದ ವ್ಯವಸ್ಥೆ ಚೆನ್ನಾಗಿದೆ. ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ ಅನ್ನಬೇಕು. ಸೀಸ ಬೆರೆತ ಗಾಜು ಬೆಳಕನ್ನು ಮುರಿದು ಬಣ್ಣ ಬಣ್ಣವಾಗಿ ಎಸೆಯುತ್ತದೆ, ಗೆರೆ ಮರೆಯಾಗುತ್ತದೆ. ಪಕ್ಕಕ್ಕೆ ಸರಿದು, ಮೊಣಕಾಲೂರಿ, ಅಡಿಯಿಂದ ನೋಡಿದಾಗ ಪ್ಯಾಟರ್ನ್ ಸಿಗುತ್ತದೆ. ಸೆಕ್ಯುರಿಟಿಯವರು ಇದಕ್ಕೆಲ್ಲ ಒಗ್ಗಿದ್ದಾರೆ ಅಂತ ಕಾಣುತ್ತದೆ, ಯಾರೂ ಏನೂ ಅನ್ನಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾಕ್ಸ್‌ನ ಕೆಲಸ. ದೊಡ್ಡ ಗೆರೆಗಳು ಮೊದಲು ಬಟ್ಟಲನ್ನು ಅಗಲವಾದ ಪಾಲು ಮಾಡುತ್ತವೆ. ಆಮೇಲೆ ಪ್ರತಿ ಪಾಲಿನಲ್ಲಿ ಬೇರೆ ಬೇರೆ ಹದದ ಕೊರೆತ. ಒಂದರಲ್ಲಿ ದಟ್ಟ, ಪಕ್ಕದ್ದರಲ್ಲಿ ತೆಳು. ಕೆಲವು ಕಡೆ ಏನೂ ಕೊರೆಯದೆ ಬಿಟ್ಟ ಗಾಜು. ದುಬಾರಿ ಗಾಜಿನ ಮೇಲೆ ಕೈ ತಡೆದು ಬಿಡುವುದಕ್ಕೆ ಧೈರ್ಯ ಬೇಕು. ಹೊತ್ತು ಹೋದ ಹಾಗೆ, 1900ರ ನಂತರ, ತಿರುಗಣೆಯಂಥ ಪಿನ್‌ವೀಲ್ ಎಲ್ಲೆಲ್ಲೂ ನುಗ್ಗಿತು. ಅದು ಎದ್ದು ಕಾಣುತ್ತದೆ, ಒಪ್ಪುತ್ತೇನೆ. ಆದರೆ ನಾಲ್ಕು ಪಿನ್‌ವೀಲ್ ಬಟ್ಟಲು ನೋಡಿದ ಮೇಲೆ ಐದನೆಯದರಲ್ಲಿ ಹೊಸದೇನೂ ಸಿಗುವುದಿಲ್ಲ. ಅಷ್ಟರಲ್ಲಿ ಪ್ಯಾಟರ್ನನ್ನು ಅಚ್ಚಿನಲ್ಲೇ ಅರ್ಧ ಒತ್ತಿ ತೆಗೆದು, ಮೇಲೆ ಚೂರು ಕೊರೆದು ಮಾರುವುದೂ ಶುರುವಾಗಿತ್ತು. ಯುದ್ಧ ಬಂದು ಸೀಸ ಬೇರೆ ಕೆಲಸಕ್ಕೆ ಹೋಯಿತು. ಜನರ ರುಚಿಯೂ ಬದಲಾಯಿತು. ಹಾಕ್ಸ್ ಕಂಪನಿ ಹೇಗೋ 1962ರವರೆಗೆ ಉಳಿಯಿತು.

ಮ್ಯೂಸಿಯಂ ಆವರಣದಲ್ಲೇ ರೇಕೋ ಲೈಬ್ರರಿ ಇದೆ. ಸಂಗ್ರಹಕಾರರಿಗೆ ನಿಜವಾದ ಬೊಕ್ಕಸ ಅದು. ಹಳೇ ಕಂಪನಿಗಳ ಕ್ಯಾಟಲಾಗ್‌ಗಳು ಅಲ್ಲಿವೆ. ಬಟ್ಟಲಿನ ಮೇಲೆ ಹೆಸರಿಲ್ಲದಿದ್ದರೆ ಪ್ಯಾಟರ್ನ್ ಗುರುತಿಸಲು ಇವೇ ಗತಿ. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದಿಂದ ಶೆಮಂಗ್ ಉಕ್ಕಿ ಮ್ಯೂಸಿಯಂ ಒಳಗೆ ಐದಡಿಗೂ ಮೀರಿ ನೀರು ನಿಂತಿತ್ತು. ಗಾಜನ್ನು ತೊಳೆದರೆ ಆಯಿತು, ಕಾಗದದ ಗತಿ? ನೆನೆದ ಪುಸ್ತಕಗಳನ್ನು ಫ್ರೀಜ್ ಮಾಡಿಟ್ಟು, ನಿಧಾನಕ್ಕೆ ಒಣಗಿಸಿ ಉಳಿಸಿಕೊಂಡರು.

ಸಂಜೆ ಮಾರ್ಕೆಟ್ ಸ್ಟ್ರೀಟ್. ಇಟ್ಟಿಗೆ ಕಟ್ಟಡಗಳ ಸಾಲು, ನಡುನಡುವೆ ಹಳೇ ಸಾಮಾನಿನ ಅಂಗಡಿಗಳು. ಮ್ಯೂಸಿಯಂನಲ್ಲಿ ಮುಟ್ಟಲಾಗದ್ದನ್ನು ಇಲ್ಲಿ ಮುಟ್ಟಬಹುದು. ಒಂದು ಅಂಗಡಿಯಲ್ಲಿ ಎಂಟಿಂಚಿನ ಬಟ್ಟಲು, 85 ಡಾಲರ್ ಚೀಟಿ. ಅಂಗಡಿಯಾಕೆ ಕೇಳದೆಯೇ ಕಪ್ಪು ಮಖಮಲ್ಲಿನ ತುಂಡು ಹಾಸಿಕೊಟ್ಟರು.

ಮೊದಲು ಬೆರಳು. ಕೊರೆತದ ಏಣು ಚುಚ್ಚುವಷ್ಟು ಚೂಪಾಗಿತ್ತು. ಅಚ್ಚಿನ ಗಾಜಾದರೆ ಏಣು ಮೊಂಡಾಗಿರುತ್ತದೆ, ಅಚ್ಚಿನ ಕೂಡುಗೆರೆಯೂ ಸಿಗುತ್ತದೆ. ಆಮೇಲೆ ಅಡಿ. ನೂರು ವರ್ಷ ಮೇಜಿನ ಮೇಲೆ ಸರಿದಾಡಿದ ಬಟ್ಟಲಿಗೆ ದಿಕ್ಕುದೆಸೆಯಿಲ್ಲದ ಸಣ್ಣ ಗೀರುಗಳಿರಬೇಕು. ಇದ್ದವು. ಒಂದೇ ದಿಕ್ಕಿನ ಗೀರು ಕಂಡರೆ ಯಾರೋ ಮರಳುಕಾಗದ ಉಜ್ಜಿದ್ದಾರೆ ಅಂತ ಅನುಮಾನ ಪಡಿ. ಮೈಟರ್ ಒಳಗೆ ಭೂತಗನ್ನಡಿ ಹಿಡಿದಾಗ ಚಕ್ರದ ನವುರಾದ ಗೆರೆಗಳು ಉದ್ದಕ್ಕೂ ಕಂಡವು, ಅಂದರೆ ಕೈಯಲ್ಲೇ ಪಾಲಿಶ್ ಆದದ್ದು. 1890ರ ದಶಕದ ನಂತರ ಆಸಿಡ್‌ನಲ್ಲಿ ಅದ್ದಿ ಪಾಲಿಶ್ ಮಾಡುವುದು ಜಾಸ್ತಿಯಾಯಿತು. ಅಂಥವುಗಳ ಏಣು ಚೂರು ಮೇಣ ಹಚ್ಚಿದ ಹಾಗೆ ಮೆತ್ತಗಿರುತ್ತದೆ.

ಕೊನೆಗೆ ಗುರುತು. ಹಾಕ್ಸ್‌ನದಾದರೆ ಮೂರೆಸಳಿನ ಮುದ್ರೆ, ಕೆಳಗಿನ ಎರಡು ಎಸಳಿನಲ್ಲಿ ಒಂದೊಂದು ಗಿಡುಗ. ಲಿಬ್ಬಿ ಅನ್ನುವ ಇನ್ನೊಂದು ಗಾಜಿನ ಕಂಪನಿಯದಾದರೆ ಹೆಸರಿನ ಕೆಳಗೆ ಒಂದು ಖಡ್ಗ. ಆಸಿಡ್‌ನಲ್ಲಿ ಒತ್ತಿದ ಈ ಮುದ್ರೆ ನೆಟ್ಟಗೆ ನೋಡಿದರೆ ಕಾಣುವುದೇ ಇಲ್ಲ. ಬಟ್ಟಲನ್ನು ದೀಪಕ್ಕೆ ಓರೆ ಹಿಡಿದು ನಿಧಾನಕ್ಕೆ ತಿರುಗಿಸಬೇಕು. ತಿರುಗಿಸಿದೆ. ಏನೂ ಇಲ್ಲ. ಸುಮ್ನೆ ಮುದ್ರೆ ಒಂದನ್ನೇ ನಂಬುವುದೂ ಬೇಡ, ನಕಲಿ ಮುದ್ರೆ ಒತ್ತುವವರೂ ಇದ್ದಾರೆ.

ಭಾವ ಅಂಚಿನ ಹಲ್ಲುಗಳ ಮೇಲೆ ಬೆರಳಾಡಿಸುತ್ತಿದ್ದರು. "ಇಲ್ಲಿ ಎರಡು ಹಲ್ಲು ಗಿಡ್ಡ ಇದೆ ನೋಡು." ಹೌದು, ಚಕ್ಕೆ ಎದ್ದದ್ದನ್ನು ಯಾರೋ ಉಜ್ಜಿ ಸರಿಮಾಡಿದ್ದರು. ಅಂಗಡಿಯಾಕೆ ನಕ್ಕು 60ಕ್ಕೆ ಇಳಿಸಿದರು. ಹಾಬ್‌ಸ್ಟಾರ್‌ಗಳ ಉಬ್ಬು ಒಂದೂ ಸೊಟ್ಟಗಿರಲಿಲ್ಲ, ನಡುವೆ ಬಾಗಿದ ಮೈಟರ್ ಬೇರೆ. ಹಲ್ಲಿನ ಐಬು ನನಗೆ ಲೆಕ್ಕಕ್ಕೇ ಬರಲಿಲ್ಲ, ತೆಗೆದುಕೊಂಡೆ.

ಅಕ್ಕನ ಪ್ರಶ್ನೆ ಒಂದೇ: ಇದರಲ್ಲಿ ಕೋಸಂಬರಿ ಹಾಕಬಹುದಾ? ನಿಂಬೆಹಣ್ಣು ಹಿಂಡಿದ್ದನ್ನು ಸೀಸದ ಗಾಜಿನಲ್ಲಿ ಇಡಬಾರದು, ಹುಳಿ ಸೀಸವನ್ನು ಬಿಡಿಸುತ್ತದೆ. ಬಿಸಿ ನೀರು, ಡಿಶ್‌ವಾಷರ್ ಎರಡೂ ಬೇಡ, ಬಿರುಕು ಬಿಡುತ್ತದೆ. "ಹಾಗಾದ್ರೆ ಇದು ಇದ್ದು ಏನು ಪ್ರಯೋಜನ?" ಅಂದಳು. ಭಾವ ನನಗಿಂತ ಮುಂಚೆ ಉತ್ತರ ಕೊಟ್ಟರು, ಅದೂ ಹಾಬ್‌ಸ್ಟಾರ್‌ನಿಂದ ಶುರುಮಾಡಿ.

ಪ್ಯಾಟರ್ನ್ ಹೆಸರು ಇನ್ನೂ ಹುಡುಕುತ್ತಿದ್ದೇನೆ, ಕ್ಯಾಟಲಾಗ್‌ಗಳ ಪುಟ ತಿರುವುತ್ತಿದ್ದೇನೆ. ಮುಂದಿನ ಬೇಸಿಗೆಗೆ ಒಹಾಯೋದ ಟೊಲೀಡೊ. 1904ರ ಸೇಂಟ್ ಲೂಯಿಸ್ ಪ್ರದರ್ಶನಕ್ಕೆ ಲಿಬ್ಬಿ ಕಂಪನಿ ಮಾಡಿದ ಭಾರಿ ಪಂಚ್ ಬೋಲ್ (ಪಾನೀಯ ಬಡಿಸುವ ದೊಡ್ಡ ಬಟ್ಟಲು) ಅಲ್ಲಿನ ಕಲಾ ಮ್ಯೂಸಿಯಂನಲ್ಲಿದೆ. ಕಾರು ಓಡಿಸಲು ಭಾವ ತಾವಾಗಿಯೇ ಒಪ್ಪಿದ್ದಾರೆ, ಊಟ ಮಾತ್ರ ಮತ್ತೆ ನನ್ನ ಲೆಕ್ಕವಂತೆ.