ಕೀ ವೆಸ್ಟ್ ದಾರಿಯಲ್ಲಿ ಒಂದು ಸಂಜೆ ಕುಳ್ಳ ಜಿಂಕೆಗಳಿಗೆ

ಅಮೆರಿಕದ ಫ್ಲೋರಿಡಾದಲ್ಲಿ ಮಯಾಮಿಯಿಂದ ಕೀ ವೆಸ್ಟ್‌ಗೆ ಕಾರಿನಲ್ಲಿ ಹೊರಟವರು ದಾರಿಯ ಬಿಗ್ ಪೈನ್ ಕೀಯಲ್ಲಿ (ಇಲ್ಲಿ ‘ಕೀ’ ಎಂದರೆ ಪುಟ್ಟ ದ್ವೀಪ) ಸಾಮಾನ್ಯವಾಗಿ ನಿಲ್ಲುವುದೇ ಇಲ್ಲ. ಕೀ ವೆಸ್ಟ್‌ನ ಸೂರ್ಯಾಸ್ತವನ್ನು ಮರುದಿನಕ್ಕೆ ಇಟ್ಟುಕೊಂಡು ಸಂಜೆಯನ್ನು ಇಲ್ಲಿ ಕಳೆಯಿರಿ. ಕೀ ಜಿಂಕೆ ಎಂಬ ಕುಳ್ಳ ಜಿಂಕೆ ಕಾಡಿನಲ್ಲಿ ಬದುಕಿರುವುದು ಈ ಸುತ್ತಿನ ದ್ವೀಪಗಳಲ್ಲಿ ಮಾತ್ರ.

ಬಿಳಿಬಾಲದ ಜಿಂಕೆಯ ಉಪಜಾತಿ ಇದು. ಹಿಮಯುಗ ಮುಗಿದು ಕಡಲು ಏರಿದಾಗ ದ್ವೀಪಗಳಲ್ಲಿ ಉಳಿದುಹೋಗಿ, ತಲೆಮಾರುಗಳಲ್ಲಿ ಕುಳ್ಳಾಯಿತು. ಭುಜದವರೆಗೆ ಎರಡೂವರೆ ಅಡಿ ಇದ್ದರೆ ಹೆಚ್ಚು. ದೂರದಿಂದ ನೋಡಿದರೆ ನಮ್ಮೂರ ಮೇಕೆಯೇ. ಬೇಟೆಯಿಂದಾಗಿ 1950ರ ದಶಕದಲ್ಲಿ ಕೆಲವೇ ಡಜನ್ ಉಳಿದಿದ್ದವು. 1957ರಲ್ಲಿ ರಕ್ಷಿತಾರಣ್ಯವಾದ ಮೇಲೆ ಸಂಖ್ಯೆ ನೂರುಗಳಿಗೆ ಏರಿತು.

ಮಧ್ಯಾಹ್ನ ಹುಡುಕಿ ಪ್ರಯೋಜನವಿಲ್ಲ, ನೆರಳಿನಲ್ಲಿ ಮಲಗಿರುತ್ತವೆ. ಹೊತ್ತು ಇಳಿದ ಮೇಲೆ ಕೀ ಡೀರ್ ಬುಲೆವಾರ್ಡ್ ಹಿಡಿದು ಬ್ಲೂ ಹೋಲ್‌ಗೆ ಹೋಗಿ. ಹಳೆಯ ಕಲ್ಲುಕ್ವಾರಿಯಲ್ಲಿ ಮಳೆನೀರು ನಿಂತ ಹೊಂಡ. ಮೊಸಳೆ ಜಾತಿಯ ಆಲಿಗೇಟರ್‌ಗಳೂ ಇರುತ್ತವೆ, ಮಕ್ಕಳ ಕೈ ಬಿಡಬೇಡಿ. ಈ ಜಿಂಕೆಗಳು ಮ್ಯಾಂಗ್ರೋವ್ ಎಲೆ ತಿನ್ನುತ್ತವೆ, ದ್ವೀಪದಿಂದ ದ್ವೀಪಕ್ಕೆ ಈಜುತ್ತವೆ, ಆದರೆ ಸಿಹಿನೀರು ಬೇಕೇ ಬೇಕು. 2017ರ ಇರ್ಮಾ ಚಂಡಮಾರುತದಲ್ಲಿ ನುಗ್ಗಿದ ಕಡಲು ಹೊಂಡಗಳನ್ನು ಉಪ್ಪಾಗಿಸಿತ್ತು. ಕಡಲಮಟ್ಟ ಏರುತ್ತಿರುವ ಈಗ ನನಗೆ ಭಯವಾಗುವುದು ಇದಕ್ಕೇ. ಸೇತುವೆ ದಾಟಿ ನೋ ನೇಮ್ ಕೀಗೂ ಹೋಗಿ ಬನ್ನಿ, ಅಲ್ಲಿ ಜನ ಕಡಿಮೆ, ಸೊಳ್ಳೆ ಧಾರಾಳ.

ಜಿಂಕೆಗಳು ಹತ್ತಿರ ಬಂದು ನಿಂತು ಮುಖ ನೋಡುತ್ತವೆ. ಬಿಸ್ಕತ್ತು ಕೊಡುವ ಆಸೆಯಾಗುತ್ತದೆ, ಕೊಡಬೇಡಿ, ಕಾನೂನೂ ಬಿಡುವುದಿಲ್ಲ. ತಿಂಡಿಯ ರುಚಿ ಹತ್ತಿದ ಜಿಂಕೆ ರಸ್ತೆ ಬದಿಯಲ್ಲೇ ಕಾಯುತ್ತದೆ, ಮತ್ತೆ ಇಲ್ಲಿ ಬಹಳಷ್ಟು ಜಿಂಕೆಗಳು ಸಾಯುವುದೇ ಕಾರಿಗೆ ಸಿಕ್ಕಿ. ತಮಾಷೆಯೆಂದರೆ, 2016ರಲ್ಲಿ ಗಾಯದಲ್ಲಿ ಮೊಟ್ಟೆಯಿಡುವ ಸ್ಕ್ರೂವರ್ಮ್ ನೊಣ ಬಂದು 135 ಜಿಂಕೆಗಳು ಸತ್ತಾಗ, ಬ್ರೆಡ್ಡಿನಲ್ಲಿ ಔಷಧಿಯಿಟ್ಟು ತಿನ್ನಿಸಿದ್ದು ಸ್ವಯಂಸೇವಕರೇ. ಸತ್ತವು ಹೆಚ್ಚಾಗಿ ಗಂಡು: ಬೆದೆಗಾಲದ ಕಾದಾಟದಲ್ಲಿ ಆದ ಗಾಯಗಳೇ ಕಾರಣ. ಕೂಡಿದರೂ ಮೊಟ್ಟೆ ಮರಿಯಾಗದಂಥ ಬಂಜೆ ನೊಣಗಳನ್ನು ಕೋಟಿಗಟ್ಟಲೆ ಬಿಟ್ಟು ಪಿಡುಗನ್ನು ಮುಗಿಸಿದರು.

ಏಪ್ರಿಲ್–ಮೇನಲ್ಲಿ ಹೋದರೆ ಮರಿಗಳು, ಅಕ್ಟೋಬರ್‌ನಲ್ಲಿ ಕೊಂಬು ತೀಡುವ ಗಂಡುಗಳು. ಆದರೆ ಅಕ್ಟೋಬರ್ ಚಂಡಮಾರುತದ ಕಾಲ, ಮುಂಗಡ ಹಣ ವಾಪಸ್ ಸಿಗುವ ರೂಮನ್ನೇ ಬುಕ್ ಮಾಡಿ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ವೇಗದ ಮಿತಿ ಇನ್ನೂ ಇಳಿಯುತ್ತದೆ, ಫಲಕ ನೋಡಿಕೊಂಡು ಹೋಗಿ.