ನಾಲ್ಕನೆಯ ನಂಬರಿನ ಮಗು

ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಓದುತ್ತಿರುವ ಮಗಳನ್ನು ನೋಡಲು ಕಳೆದ ಅಕ್ಟೋಬರಿನಲ್ಲಿ ಹೋಗಿದ್ದೆ. ಅಪ್ಪನಿಗೆ ತೋರಿಸಬೇಕೆಂದು ಅವಳು ಹಾಕಿಕೊಂಡಿದ್ದ ಜಾಗಗಳ ಪಟ್ಟಿಯಲ್ಲಿ ಸ್ಮಶಾನ ಇರಲಿಲ್ಲ. ಫೇರ್‌ವ್ಯೂ ಲಾನ್ ಸ್ಮಶಾನಕ್ಕೆ ಹೋಗಲೇಬೇಕೆಂದು ಹಟ ಹಿಡಿದವನು ನಾನು. 1912ರ ಏಪ್ರಿಲ್ 15ರ ನಸುಕಿನಲ್ಲಿ ಮುಳುಗಿದ ಟೈಟಾನಿಕ್ ಹಡಗಿನ 121 ಮಂದಿಯ ಸಮಾಧಿಗಳು ಅಲ್ಲಿವೆ. ಅದೇ ಊರಿನ ಇನ್ನೆರಡು ಸ್ಮಶಾನಗಳಲ್ಲಿ ಇರುವವರನ್ನೂ ಸೇರಿಸಿದರೆ ಒಟ್ಟು 150.

ನಾವು ಹೋದಾಗ ಮಳೆ ಆಗಷ್ಟೇ ನಿಂತಿತ್ತು. ಇಳಿಜಾರಿನ ಹುಲ್ಲಿನ ಮೇಲೆ ಬೂದು ಬಣ್ಣದ ಗಿಡ್ಡ ಗ್ರಾನೈಟ್ ಕಲ್ಲುಗಳು ಹಡಗಿನ ಮೂತಿಯನ್ನು ನೆನಪಿಸುವಂತೆ ಬಾಗಿದ ಸಾಲುಗಳಲ್ಲಿ ನಿಂತಿದ್ದವು. ಒಂದು ಕಲ್ಲಿಗೆ ಒದ್ದೆಯಾದ ಮೇಪಲ್ ಎಲೆ ಅಂಟಿಕೊಂಡಿತ್ತು. ಅದನ್ನು ಬೆರಳಿನಿಂದ ಸರಿಸಿದಾಗ ಕೆಳಗೆ ಹೆಸರಿರಲಿಲ್ಲ. ಸತ್ತ ದಿನಾಂಕ ಮತ್ತು ಒಂದು ನಂಬರು ಮಾತ್ರ ಇದ್ದವು. ಅಂಥ ಕಲ್ಲುಗಳು ಅಲ್ಲಿ ಹಲವು.

ಮೂವತ್ತೊಂದು ವರ್ಷ ನಗರಸಭೆಯಲ್ಲಿ ಜನನ ಮರಣ ನೋಂದಣಿಯ ಗುಮಾಸ್ತನಾಗಿದ್ದ ನನಗೆ ಆ ನಂಬರುಗಳನ್ನು ದಾಟಿ ಮುಂದೆ ಹೋಗಲಾಗಲಿಲ್ಲ. ಸಮುದ್ರದಡಿಯ ತಂತಿ ದುರಸ್ತಿ ಮಾಡುತ್ತಿದ್ದ ಮೆಕೇ ಬೆನೆಟ್ ಎಂಬ ಹಡಗು ಶವಗಳನ್ನು ಹುಡುಕಲು ಹೋಗಿ 306 ದೇಹಗಳನ್ನು ಎತ್ತಿತು. ಸಿಕ್ಕ ಕ್ರಮದಲ್ಲೇ ಒಂದೊಂದಕ್ಕೂ ನಂಬರು ಕಟ್ಟಿ, ಕೂದಲು, ಬಟ್ಟೆ, ಗುರುತುಗಳನ್ನೆಲ್ಲ ಬರೆದುಕೊಂಡು, ಜೇಬಿನಲ್ಲಿದ್ದ ವಸ್ತುಗಳನ್ನು ಅದೇ ನಂಬರಿನ ಚೀಲದಲ್ಲಿ ಇಟ್ಟರು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ದಡದ ಮೇಲೆ, ಮೇಜು ಕುರ್ಚಿ ಇದ್ದೂ ಮಾಡದವರನ್ನು ನಾನು ಬಲ್ಲೆ. ಆದರೆ ಅಲ್ಲಿಯೂ ತಾರತಮ್ಯ ಇತ್ತು. ಮೊದಲ ದರ್ಜೆಯವರಿಗೆ ಶವಪೆಟ್ಟಿಗೆ ಸಿಕ್ಕಿತು. ಸಾಮಗ್ರಿ ಸಾಲದೆ ಮರಳಿ ಸಮುದ್ರಕ್ಕೇ ಒಪ್ಪಿಸಿದ 116 ಮಂದಿಯಲ್ಲಿ ಹೆಚ್ಚಿನವರು ಹಡಗಿನ ಸಿಬ್ಬಂದಿ ಮತ್ತು ಮೂರನೇ ದರ್ಜೆಯವರು.

"ಇಲ್ಲಿಗೆ ಬಂದರೂ ನಿಮಗೆ ರಿಜಿಸ್ಟರೇ ಬೇಕಾ ಅಪ್ಪ?" ಎಂದು ಮಗಳು ನಕ್ಕಳು.

ಜನ ಗುಂಪುಗೂಡಿದ್ದು 227ನೇ ನಂಬರಿನ, ಜೆ. ಡಾಸನ್ ಎಂದು ಕೆತ್ತಿದ ಕಲ್ಲಿನ ಎದುರು. ಆತ ಕಲ್ಲಿದ್ದಲು ಹೊತ್ತು ಹಾಕುತ್ತಿದ್ದ ಕೆಲಸಗಾರ. ಸಿನಿಮಾದ ನಾಯಕನಿಗೂ ಅವನಿಗೂ ಹೆಸರೊಂದನ್ನು ಬಿಟ್ಟರೆ ಸಂಬಂಧವಿಲ್ಲ. ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಾಲ್ಕನೆಯ ನಂಬರಿನದು ಒಂದು ಗಂಡು ಮಗು. ಕೇಳಿಕೊಂಡು ಯಾರೂ ಬಾರದಿದ್ದಾಗ ಮೆಕೇ ಬೆನೆಟ್ ಹಡಗಿನ ನಾವಿಕರೇ ಹಣ ಹಾಕಿ ಮಣ್ಣು ಮಾಡಿಸಿ, 'ಅಜ್ಞಾತ ಶಿಶು' ಎಂದು ಬರೆಸಿ ಉಳಿದವುಗಳಿಗಿಂತ ಎತ್ತರದ ಕಲ್ಲು ನಿಲ್ಲಿಸಿದರು. ಅದರ ಬುಡದಲ್ಲಿ ಯಾರೋ ಇಟ್ಟ ಆಟಿಕೆ ಕರಡಿಯೊಂದು ಮಳೆಯಲ್ಲಿ ನೆನೆದು ಮಗ್ಗುಲಾಗಿತ್ತು. ಮಗಳು ಅದನ್ನು ಹಿಂಡಿ, ಮತ್ತೆ ಕಲ್ಲಿಗೆ ಒರಗಿಸಿ ಕೂರಿಸಿದಳು.

ಮಧ್ಯಾಹ್ನ ಬಂದರಿನ ಬಳಿಯ ಅಟ್ಲಾಂಟಿಕ್ ಸಾಗರ ವಸ್ತುಸಂಗ್ರಹಾಲಯದಲ್ಲಿ ಆ ಮಗುವಿನ ಬೂಟುಗಳನ್ನು ನೋಡಿದೆವು. ನನ್ನ ಅಂಗೈಯಲ್ಲಿ ಎರಡೂ ಹಿಡಿಯುವಷ್ಟು ಪುಟ್ಟವು, ಕಂದು ಚರ್ಮದವು. ನೆನಪಿಗೆಂದು ಜನ ಹೊತ್ತೊಯ್ಯಬಾರದೆಂದು ಸತ್ತವರ ಬಟ್ಟೆಗಳನ್ನೆಲ್ಲ ಸುಡುವಂತೆ ಆಗ ಆದೇಶವಾಗಿತ್ತು. ಕಾವಲಿಗಿದ್ದ ಪೊಲೀಸ್ ಸಾರ್ಜೆಂಟ್ ಒಬ್ಬನಿಗೆ ಈ ಜೋಡಿಯನ್ನು ಮಾತ್ರ ಬೆಂಕಿಗೆ ಹಾಕಲು ಕೈ ಬರಲಿಲ್ಲ. ತನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡ. 2002ರಲ್ಲಿ ಅವನ ಮೊಮ್ಮಗ ಅವನ್ನು ಸಂಗ್ರಹಾಲಯಕ್ಕೆ ಕೊಟ್ಟರು. ಅದೇ ವರ್ಷ ಡಿಎನ್‌ಎ ಪರೀಕ್ಷೆಯಲ್ಲಿ ಮಗುವನ್ನು ಫಿನ್‌ಲೆಂಡಿನ ಹದಿಮೂರು ತಿಂಗಳ ಈನೊ ಪನುಲ ಎಂದು ಗುರುತಿಸಿದ್ದರು. ಆದರೆ ಅಷ್ಟು ಎಳೆಯ ಮಗುವಿಗೆ ಈ ಬೂಟುಗಳು ದೊಡ್ಡವಾದವು ಎಂಬ ಅನುಮಾನ ಹೋಗಲಿಲ್ಲ. ಮತ್ತೆ ಪರೀಕ್ಷೆ ನಡೆದು, 2007ರಲ್ಲಿ ಅದು ಇಂಗ್ಲೆಂಡಿನ ಹತ್ತೊಂಬತ್ತು ತಿಂಗಳ ಸಿಡ್ನಿ ಲೆಸ್ಲಿ ಗುಡ್ವಿನ್ ಎಂದು ತಿಳಿಯಿತು. ತಂದೆ, ತಾಯಿ, ಆರು ಮಕ್ಕಳು, ಆ ಮನೆಯ ಎಂಟು ಮಂದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ.

ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದ ಮಗಳು, "ಆ ಪೊಲೀಸಿನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡ್ತಿದ್ರಿ ಅಪ್ಪ?" ಎಂದು ಕೇಳಿದಳು. ನಾನಾಗಿದ್ದರೆ ಸುಡುತ್ತಿದ್ದೆ. ಸುಟ್ಟು, ಷರಾ ಕಾಲಮ್ಮಿನಲ್ಲಿ 'ಆದೇಶದಂತೆ ವಿಲೇವಾರಿ ಮಾಡಲಾಗಿದೆ' ಎಂದು ಬರೆದು ಸಹಿ ಹಾಕುತ್ತಿದ್ದೆ.